ಹಿರೇಮಗಳೂರಿಗೆ ಒಂದು ಬೆಳಗ್ಗೆ ಪೂರ್ತಿ ಇಟ್ಟುಕೊಳ್ಳಿ

ಚಿಕ್ಕಮಗಳೂರಿಗೆ ಹೊರಟವರಿಗೆ ಮೊದಲು ಒಂದು ಮಾತು. ಬಾಡಿಗೆ ಕಾರಿನವರ ಪ್ಯಾಕೇಜಿನಲ್ಲಿ ಪೇಟೆಗೆ ಅಂಟಿಕೊಂಡ ಹಳೇ ಊರು ಹಿರೇಮಗಳೂರು ಇದ್ದರೆ ಅದನ್ನು ತೆಗೆಸಿಬಿಡಿ. ಅಲ್ಲಿಗೆ ನೀವೇ ಹೋಗಿ, ಬೆಳಗ್ಗೆ ಹೋಗಿ.

ಇಷ್ಟು ಖಾರವಾಗಿ ಹೇಳುವುದಕ್ಕೆ ಕಾರಣ ಇದೆ. 'ಲೋಕಲ್ ಸೈಟ್ ಸೀಯಿಂಗ್' ಅಂತ ನಮ್ಮಿಂದ 2,800 ರೂಪಾಯಿ ತೆಗೆದುಕೊಂಡ ಡ್ರೈವರ್, ಹಿರೇಮಗಳೂರಿನ ಕೋದಂಡರಾಮ ದೇವಸ್ಥಾನದ ಮುಂದೆ ಕಾರು ನಿಲ್ಲಿಸಿದ್ದು ಮಧ್ಯಾಹ್ನ ಒಂದು ಗಂಟೆಯ ಮೇಲೆ. ಬಾಗಿಲು ಹಾಕಿತ್ತು. "ಹೊರಗಿಂದಾನೇ ಕೈ ಮುಗೀರಿ ಸಾರ್, ಒಳಗೇನಿಲ್ಲ" ಅಂದ. ಅಲ್ಲಿಂದ ನೇರ ಒಂದು ಕಾಫಿಪುಡಿ, ಚಾಕೊಲೇಟ್ ಅಂಗಡಿಗೆ. ಅಲ್ಲಿ ಮಾತ್ರ ಮುಕ್ಕಾಲು ಗಂಟೆ ಆದರೂ ಅವನಿಗೆ ಅವಸರ ಇರಲಿಲ್ಲ. ಜೊತೆಗೆ ಬಂದಿದ್ದ ನಮ್ಮ ಅತ್ತೆ, ರಾಮನನ್ನು ನೋಡಬೇಕು ಅಂತಲೇ ಊರಿಂದ ಹೊರಟವರು, ಕಾರಿನಿಂದ ಇಳಿಯಲೇ ಇಲ್ಲ. ನನಗೆ ಇವತ್ತಿಗೂ ಸಿಟ್ಟು ಹೋಗಿಲ್ಲ. ದುಡ್ಡಿಗಿಂತ ಜಾಸ್ತಿ ಆ "ಒಳಗೇನಿಲ್ಲ" ಅನ್ನುವ ಮಾತಿಗೆ.

ಯಾಕೆಂದರೆ ಒಳಗೆ ಬೇಕಾದಷ್ಟು ಇದೆ. ಮರುದಿನ ಬೆಳಗ್ಗೆ ಆಟೋ ಹಿಡಿದು ಮತ್ತೆ ಹೋದೆವು. ಚಿಕ್ಕಮಗಳೂರಿನ ಬಸ್ ಸ್ಟ್ಯಾಂಡಿನಿಂದ ಎರಡು ಮೂರು ಕಿಲೋಮೀಟರ್ ಅಷ್ಟೆ. ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಿ. ಮಳೆ ಇಲ್ಲದಿದ್ದರೆ, ಕಾಲು ಗಟ್ಟಿ ಇದ್ದರೆ, ನಡೆದೇ ಹೋಗಬಹುದು.

ಊರಿನ ಕತೆ ಗೊತ್ತಿದ್ದರೆ ನೋಡುವುದಕ್ಕೆ ಇನ್ನೂ ಚೆನ್ನ. ಸಖರಾಯಪಟ್ಟಣದ ದೊರೆ ರುಕ್ಮಾಂಗದ ದೊಡ್ಡ ಮಗಳಿಗೆ ಬಳುವಳಿಯಾಗಿ ಕೊಟ್ಟ ಊರು ಹಿರೇಮಗಳೂರು, ಚಿಕ್ಕ ಮಗಳಿಗೆ ಕೊಟ್ಟದ್ದು ಚಿಕ್ಕಮಗಳೂರು ಅಂತ ಜನ ಹೇಳುತ್ತಾರೆ. ಹಳೆಯ ಶಾಸನಗಳಲ್ಲಿ ಇವು ಪಿರಿಯ ಮುಗುಳಿ, ಕಿರಿಯ ಮುಗುಳಿ. ಯಾವ ಲೆಕ್ಕದಲ್ಲಿ ನೋಡಿದರೂ ಹಿರಿಯ ಊರು ಇದೇ. ಆದರೆ 1865ರಲ್ಲಿ ಜಿಲ್ಲಾ ಕೇಂದ್ರ ಕಡೂರಿನಿಂದ ಚಿಕ್ಕಮಗಳೂರಿಗೆ ಬಂತು. ಕಚೇರಿಗಳು ಬಂದವು. ಕಾಫಿ ವ್ಯಾಪಾರ ಅಲ್ಲೇ ಬೆಳೆಯಿತು. ಜಿಲ್ಲೆಗೆ ಕಡೂರು ಅಂತಲೇ ಇದ್ದ ಹೆಸರೂ 1947ರಲ್ಲಿ ಚಿಕ್ಕಮಗಳೂರು ಅಂತ ಆಯಿತು. 2013ರಲ್ಲಿ ಕಡೂರಿನಿಂದ ರೈಲೂ ಬಂತು. ತಂಗಿಯ ಊರು ಬೆಳೆದು ಬೆಳೆದು ಅಕ್ಕನ ಊರನ್ನು ತನ್ನೊಳಗೆ ಸೇರಿಸಿಕೊಂಡಿತು. ಈಗ ಎಲ್ಲಿ ಪೇಟೆ ಮುಗಿಯಿತು, ಎಲ್ಲಿ ಹಿರೇಮಗಳೂರು ಶುರುವಾಯಿತು ಅಂತ ಆಟೋದಲ್ಲಿ ಕೂತರೆ ಗೊತ್ತೇ ಆಗುವುದಿಲ್ಲ. ದೇವಸ್ಥಾನದ ಹತ್ತಿರ ಇಳಿದ ಮೇಲೆ ಗೊತ್ತಾಗುತ್ತದೆ. ಹಂಚಿನ ಮನೆ, ಜಗಲಿ, ಜಗಲಿಯ ಮೇಲೆ ಕೂತವರು ಹೊಸಬರನ್ನು ನೋಡಿ "ಯಾವೂರು?" ಅಂತ ಕೇಳುವುದು. ಪೇಟೆಯ ಎಂ.ಜಿ. ರಸ್ತೆಯಲ್ಲಿ ಹಾಗೆ ಯಾರೂ ಕೇಳುವುದಿಲ್ಲ ಅಲ್ವಾ?

ಕೋದಂಡರಾಮ ದೇವಸ್ಥಾನವನ್ನು ಒಂದೇ ಸಲಕ್ಕೆ ಕಟ್ಟಿದ್ದಲ್ಲ. ಗರ್ಭಗುಡಿ, ಅದರ ಮುಂದಿನ ಸಣ್ಣ ಕೋಣೆಯಾದ ಸುಕನಾಸಿ ಹೊಯ್ಸಳರ ಶೈಲಿಯವು. ಅದಕ್ಕೂ ಮುಂದಿನ ಭಾಗ ಆಮೇಲೆ ಸೇರಿಸಿದ್ದು, ದ್ರಾವಿಡ ಶೈಲಿ. ಆದ್ದರಿಂದ ದರ್ಶನ ಮುಗಿಸಿ ಹಾಗೇ ಹೊರಟುಬಿಡಬೇಡಿ. ಹಿಂದಕ್ಕೆ ಹೋಗಿ ಗರ್ಭಗುಡಿಯ ಹೊರಗೋಡೆ ನೋಡಿ. ಬೇಲೂರಿನ ಹಾಗೆ ಮೈತುಂಬ ಕೆತ್ತನೆ ಇಲ್ಲ. ಆದರೆ ಇಲ್ಲಿ ಹಿಂದಿನಿಂದ ತಳ್ಳುವವರೂ ಇಲ್ಲ. ಗದ್ದಲ ಇದ್ದ ಕಡೆ ನನಗೆ ಐದು ನಿಮಿಷ ನಿಲ್ಲಲು ಆಗುವುದಿಲ್ಲ, ಹಾಗಾಗಿ ನನ್ನ ಮಟ್ಟಿಗೆ ಇದೇ ದೊಡ್ಡ ವಿಷಯ.

ಒಳಗೆ ಸೀತೆ ನಿಂತಿರುವ ಜಾಗ ಗಮನಿಸಿ. ರಾಮನ ಬಲಕ್ಕೆ ಸೀತೆ, ಎಡಕ್ಕೆ ಲಕ್ಷ್ಮಣ. ಸಾಮಾನ್ಯವಾಗಿ ನಾವು ನೋಡುವುದಕ್ಕೆ ತಿರುಗುಮುರುಗು. ಗರ್ವ ಇಳಿದ ಪರಶುರಾಮ, ನಿನ್ನ ಮದುವೆಯ ರೂಪ ತೋರಿಸು ಅಂತ ರಾಮನನ್ನು ಕೇಳಿಕೊಂಡನಂತೆ. ಮದುವೆಯಲ್ಲಿ ನಿಂತ ಹಾಗೇ ಇಲ್ಲಿ ನಿಂತಿದ್ದಾರೆ ಅನ್ನುವುದು ಸ್ಥಳದ ಕತೆ. ಇನ್ನೊಂದು, ಈ ಗುಡಿಯ ಹೆಸರು ನಾಡಿಗೆಲ್ಲ ಗೊತ್ತಾಗಿರುವುದು ಕನ್ನಡದ ಪೂಜೆಯಿಂದ. ಅರ್ಚಕ ಹಿರೇಮಗಳೂರು ಕಣ್ಣನ್ ಅವರು ಇಲ್ಲಿ ಮಂತ್ರವನ್ನು ಕನ್ನಡದಲ್ಲೇ ಹೇಳಿ ಪೂಜೆ ಮಾಡುತ್ತಾ ಬಂದವರು. ದೇವರ ಮುಂದೆ ಹೇಳುವ ಪ್ರತಿ ಮಾತೂ ಅರ್ಥವಾದಾಗ ಆಗುವ ಸಂತೋಷವೇ ಬೇರೆ. ಅತ್ತೆ ಕಣ್ಣು ಒರೆಸಿಕೊಂಡರು.

ಈಶ್ವರನ ಗುಡಿಯನ್ನೂ ಬಿಡಬೇಡಿ, ಬಹಳ ಜನ ಬಿಡುತ್ತಾರೆ. ಜನಮೇಜಯ ಸರ್ಪಯಾಗ ಮಾಡಿದ್ದು ಇಲ್ಲೇ ಅನ್ನುವುದು ಊರಿನ ನಂಬಿಕೆ. ಈಟಿಯ ಮೊನೆಯಂತಿರುವ ಒಂದು ಕಲ್ಲಿನ ಕಂಬ ಇದೆ. ಅದೇ ಯಾಗದ ಯೂಪಸ್ತಂಭ, ಅಂದರೆ ಬಲಿಗಂಬ, ಅಂತಾರೆ. ಹಾವು ಕಚ್ಚಿದವರು ಅದಕ್ಕೆ ಪ್ರದಕ್ಷಿಣೆ ಹಾಕಿದರೆ ವಿಷ ಇಳಿಯುತ್ತದೆ ಅಂತ ಹಿಂದಿನವರು ನಂಬಿದ್ದರು. ಈಗ ಅಂಥದ್ದು ಆದರೆ ಮೊದಲು ಆಸ್ಪತ್ರೆಗೆ ಓಡಿ, ಮಳೆಗಾಲದಲ್ಲಿ ತೋಟದ ಕಡೆ ಸುತ್ತುವವರು ಇದನ್ನು ನೆನಪಿಡಿ. ಇಲ್ಲೇ ಜಡೆಮುನಿಯ ಮೂರ್ತಿಯೂ ಇದೆ. ಸುಮಾರು ನಾಲ್ಕು ಅಡಿ ಎತ್ತರ, ಜಟೆಯ ಮುನಿ. ನಮ್ಮ ಹುಡುಗರು ಬಿಟ್ಟು ಬರಲಿಲ್ಲ.

ಉಳಿದುಕೊಳ್ಳುವ ಬಗ್ಗೆ ಹೇಳಬೇಕೆಂದರೆ, ಶನಿವಾರ ಭಾನುವಾರ ಹೋಗಲೇಬೇಡಿ. ವಾರದ ಮಧ್ಯೆ ಇರುವ ದರ ವಾರಾಂತ್ಯಕ್ಕೆ ಎರಡರಷ್ಟು. ನಮಗೆ "ಪೇಟೆಗೆ ಹತ್ತಿರ" ಅಂತ ಕೊಟ್ಟ ಹೋಂಸ್ಟೇ ಮಣ್ಣಿನ ರಸ್ತೆಯ ತುದಿಯಲ್ಲಿತ್ತು. ಅಲ್ಲಿಗೆ ಹೋಗಲು ಅವರದೇ ಜೀಪು, ಅದಕ್ಕೆ ಬೇರೆ ದುಡ್ಡು. ಹಾಸಿಗೆ ಥಂಡಿ ಹಿಡಿದು ವಾಸನೆ ಬರುತ್ತಿತ್ತು. ಹಿರೇಮಗಳೂರು ನೋಡುವವರು ಪೇಟೆಯೊಳಗೆ ಸಾದಾ ಲಾಡ್ಜ್ ಹಿಡಿಯುವುದೇ ಮೇಲು.

ಊಟಕ್ಕೆ ಮಾತ್ರ ಪುಣ್ಯ ಮಾಡಿದ್ದೆವು. ಐ.ಜಿ. ರಸ್ತೆಯಿಂದ ಒಳಗೆ ತಿರುಗುವ ಒಂದು ಸಣ್ಣ ರಸ್ತೆಯಲ್ಲಿ ಬೋರ್ಡೂ ಇಲ್ಲದ ಹೋಟೆಲ್. ಮೂರು ಬೆಂಚು. ಗಂಡ ಕಾಫಿ ಮಾಡುತ್ತಾರೆ, ಹೆಂಡತಿ ಅಕ್ಕಿರೊಟ್ಟಿ ತಟ್ಟುತ್ತಾರೆ. ರೊಟ್ಟಿ ತೆಳ್ಳಗೆ, ಅಂಚು ಗರಿಗರಿ, ನಡುವೆ ಮೆತ್ತಗೆ. ಮೇಲೆ ಬೆಣ್ಣೆ, ಪಕ್ಕದಲ್ಲಿ ಹುಚ್ಚೆಳ್ಳು ಚಟ್ನಿ. ಮಳೆಗಾಲ ಆದ್ದರಿಂದ ಕಳಲೆ (ಎಳೆ ಬಿದಿರು) ಪಲ್ಯ ಇತ್ತು. ಕಳಲೆಯನ್ನು ನೀರು ಬದಲಿಸಿ ಬದಲಿಸಿ ನೆನೆಸದಿದ್ದರೆ ಕಹಿ, ವಾಸನೆ ಎರಡೂ ಉಳಿಯುತ್ತವೆ. ಇವರದರಲ್ಲಿ ಎರಡೂ ಇರಲಿಲ್ಲ. "ಇನ್ನೊಂದು ಹಾಕ್ಲಾ ಅಮ್ಮ? ಬಿಸಿ ಇದೆ" ಅಂತ ಅತ್ತೆಯನ್ನು ಕೇಳಿ ಕೇಳಿ ಬಡಿಸಿದರು. ಎರಡು ರೊಟ್ಟಿ, ಪಲ್ಯ, ಚಟ್ನಿಗೆ 50 ರೂಪಾಯಿ. ಹೋಂಸ್ಟೇಯಲ್ಲಿ ಕಾಫಿತೋಟದ ನಡುವೆ ಕೂತು ಕುಡಿದ ಕಾಫಿಗಿಂತ ಇಲ್ಲಿನ 15 ರೂಪಾಯಿಯ ಕಾಫಿ ಎಷ್ಟೋ ಚೆನ್ನಾಗಿತ್ತು. ಹತ್ತು ಗಂಟೆಗೆಲ್ಲ ರೊಟ್ಟಿ ಖಾಲಿ, ಬೇಗ ಹೋಗಿ.

ಮುಳ್ಳಯ್ಯನಗಿರಿಗೂ ಹೋಗಿದ್ದೆವು. ಮಂಜು, ಕಾರಿನ ಸಾಲು. ಅದರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ.

ವಾಪಸ್ ಕಡೂರಿನ ಕಡೆ ಹೋಗುವವರು ಸಖರಾಯಪಟ್ಟಣದಲ್ಲಿ ಇಳಿದು ಅಯ್ಯನಕೆರೆ ನೋಡಿ. ಅದನ್ನೂ ರುಕ್ಮಾಂಗದನೇ ಕಟ್ಟಿಸಿದ್ದು ಅನ್ನುತ್ತಾರೆ. ಪಟ್ಟಣದಿಂದ ಕೆರೆಗೆ ಆಟೋ ಬೇಕು. ಹೋದ ಆಟೋವನ್ನೇ ಕಾಯಲು ಹೇಳಿ, ಅಲ್ಲಿ ಇನ್ನೊಂದು ಸಿಗುವುದು ಕಷ್ಟ.