ಅಣ್ಣನ ಪುಕ್ಕಟೆ ಸೈನ್ಯ

ಬಳ್ಳಾರಿಯ ಮೇ ತಿಂಗಳು. ಮಧ್ಯಾಹ್ನ ಹೊರಗೆ ಕಾಲಿಡೋ ಹಾಗಿಲ್ಲ. ಕೌಲ್ ಬಜಾರಿನ ಮನೆಯಲ್ಲಿ ಕೂಲರ್ ಮುಂದೆ ನಾನು, ದೊಡ್ಡಪ್ಪನ ಮಗ, ಒಂದೇ ಲ್ಯಾಪ್‌ಟಾಪ್. ಆಡಿದ್ದು 'ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3'. 1999ರ ಕಂಪ್ಯೂಟರ್ ಯುದ್ಧದ ಆಟ. ನನ್ನ ಸರದಿ ಮುಗಿದ ಮೇಲೆ ಅವನದು. ಅವನು ಆಡುವಾಗ ನಾನು ಗೋಡೆ ನೋಡಬೇಕು.

ಅಣ್ಣ ಯಾವಾಗಲೂ ನೆಕ್ರೊಪೊಲಿಸ್ಸೇ, ಅಂದರೆ ಸತ್ತವರ ಪಡೇನೇ ತಗೊಳ್ಳೋದು. ಯುದ್ಧ ಗೆದ್ದರೆ ಸತ್ತವರಲ್ಲಿ ಒಂದಿಷ್ಟು ಜನ ಅಸ್ಥಿಪಂಜರವಾಗಿ ಎದ್ದು ಅವನ ಸೈನ್ಯ ಸೇರುತ್ತಾರೆ. ಪುಕ್ಕಟೆ! ನನ್ನದು ಕ್ಯಾಸಲ್ ಅನ್ನೋ ಪಡೆ. ಹೊಸ ಸೈನಿಕರು ಬರೋಕೆ ಆಟದೊಳಗಿನ ವಾರ ಶುರುವಾಗೋವರೆಗೆ ಕಾಯಬೇಕು, ಬಂದವರಿಗೆ ದುಡ್ಡೂ ಎಣಿಸಬೇಕು.

"ಇದು ಮೋಸ ಅಲ್ವಾ ಅಣ್ಣ?"

"ಮೋಸ ಅಲ್ಲಲೇ, ಉಳಿತಾಯ" ಅಂದ, ಒಗ್ಗಾಣಿ ಬಾಯಲ್ಲಿಟ್ಟುಕೊಂಡೇ. ಮಿರ್ಚಿ ಎಣ್ಣೆಯೆಲ್ಲ ನನ್ನ ಮೌಸಿಗೆ.

ಕೊನೆಯ ಯುದ್ಧದಲ್ಲಿ ಅವನ ಮುನ್ನೂರು ಚಿಲ್ಲರೆ ಅಸ್ಥಿಪಂಜರಗಳು ನಿಧಾನಕ್ಕೆ ನಡೆದು ಬಂದವು. ನನ್ನ ಬಿಲ್ಲುಗಾರರು ಸರದಿಗೆ ಎರಡೆರಡು ಬಾಣ ಬಿಟ್ಟರೂ ಉಳಿಯಲಿಲ್ಲ. ಆದರೆ ನನ್ನ ಹತ್ತಿರ ಮೂರು ಆರ್ಕೇಂಜೆಲ್, ಅಂದರೆ ಸತ್ತ ನಮ್ಮವರನ್ನು ಎಬ್ಬಿಸೋ ದೇವದೂತರು, ಇದ್ದವು. ಒಂದೊಂದು ನೂರು ಪಾಯಿಂಟಿನಷ್ಟು ಜೀವ ವಾಪಸ್ ತರುತ್ತದೆ. ಬಿಲ್ಲುಗಾರನೊಬ್ಬನಿಗೆ ಹತ್ತು. ಲೆಕ್ಕ ಹಾಕಿ, ಮೂವತ್ತು ಜನ ಎದ್ದು ನಿಂತರು! ಅಣ್ಣ ತಿನ್ನೋದು ನಿಲ್ಲಿಸಿದ.

ಇದೇ ಸರಣಿಯ 2006ರ ಐದನೇ ಆಟ ತ್ರೀಡಿ, ನೋಡೋಕೆ ಚೆಂದ. ನನಗಂತೂ ಮ್ಯಾಪ್ ತಿರುಗಿಸಿ ತಿರುಗಿಸಿ ತಲೆ ಸುತ್ತುತ್ತದೆ. ಮೂರನೆಯದೇ ಸಾಕು.

ಆ ಯುದ್ಧ ಮುಗಿಯೋ ಮೊದಲೇ ಕರೆಂಟ್ ಹೋಯಿತು. ಹಳೇ ಬ್ಯಾಟರಿ, ಎರಡು ನಿಮಿಷಕ್ಕೆ ಸತ್ತಿತು. ಸೇವ್ ಮಾಡಿರಲಿಲ್ಲ. ಅಣ್ಣ ಇವತ್ತಿಗೂ ತಾನೇ ಗೆದ್ದೆ ಅಂತಾನೆ.