ಕಬ್ಬಿನ ಗದ್ದೆಯ ಕಲ್ಲುಗುಡ್ಡೆಗಳು: ಮಾರಿಷಸ್‌ನಲ್ಲಿ ನಮ್ಮದೇ ದಾರಿಯ ಒಂದು ದಿನ

ಮಾರಿಷಸ್‌ನ ಬಹಳಷ್ಟು ಹೋಟೆಲ್‌ಗಳಲ್ಲಿ ‘ದಕ್ಷಿಣ ಪ್ರವಾಸ’ ಅಂತ ಒಂದು ಬಸ್ ಟೂರ್ ಸಿಗುತ್ತದೆ. ಜ್ವಾಲಾಮುಖಿಯ ಬಾಯಿ, ಹಡಗಿನ ಮಾದರಿ ಮಾಡುವ ಅಂಗಡಿ, ಗಂಗಾ ತಲಾವ್ ಎಂಬ ಕೆರೆ, ಕಣಿವೆ, ಜಲಪಾತ, ಏಳು ಬಣ್ಣದ ಮಣ್ಣು, ಎಲ್ಲವೂ ಒಂದೇ ದಿನದಲ್ಲಿ. ಇಳಿಯಬೇಕು, ಫೋಟೊ ತೆಗೆಯಬೇಕು, ಮತ್ತೆ ಹತ್ತಬೇಕು. ಅಮ್ಮನ ಮಂಡಿನೋವಿಗೆ ಅದು ಆಗುವ ಮಾತಲ್ಲ. ಅಷ್ಟೇ ಅಲ್ಲ, ನಾನು ನೋಡಲೇಬೇಕು ಅಂದುಕೊಂಡಿದ್ದ ಜಾಗ ಆ ಪಟ್ಟಿಯಲ್ಲೇ ಇರಲಿಲ್ಲ. ಹಾಗಾಗಿ ಅಮ್ಮ, ನಾನು, ಮಗಳು ಮೂವರಿಗೆ ಮಾತ್ರ ಒಂದು ಕಾರು, ಒಬ್ಬ ಗೈಡ್ ಅಂತ ಗೊತ್ತು ಮಾಡಿಕೊಂಡೆವು.

ಪ್ರೈವೇಟ್ ಟೂರ್ ಅಂದ ತಕ್ಷಣ ತುಂಬ ದುಬಾರಿ ಅಂದುಕೊಳ್ಳುವವರು ಜಾಸ್ತಿ. ಅಲ್ಲಿ ಸಾಮಾನ್ಯವಾಗಿ ದರ ಹೇಳುವುದು ಇಡೀ ಕಾರಿಗೆ, ತಲೆಗೆ ಇಷ್ಟು ಅಂತ ಅಲ್ಲ. ಮೂರು ನಾಲ್ಕು ಜನ ಇದ್ದರೆ ಲೆಕ್ಕ ಹಾಕಿ ನೋಡಬೇಕಾದ ವಿಷಯವೇ. ಗೈಡ್‌ಗೆ, ವಾಹನಕ್ಕೆ ಸರ್ಕಾರದ ಪ್ರವಾಸೋದ್ಯಮ ಪ್ರಾಧಿಕಾರದ ಲೈಸೆನ್ಸ್ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಪ್ರವೇಶದ ಟಿಕೆಟ್, ಊಟ ಸೇರಿದೆಯಾ, ಹೊತ್ತು ಮೀರಿದರೆ ಗಂಟೆಗೆ ಎಷ್ಟು, ಇದನ್ನೂ ಬರಹದಲ್ಲಿ ಪಡೆಯಿರಿ.

ನಾನು ಬುಕ್ ಮಾಡುವಾಗ ಬರೆದದ್ದು ಇಷ್ಟು. ಅಮ್ಮನಿಗೆ ಮೆಟ್ಟಿಲು ಹತ್ತಲು ಕಷ್ಟ. ನಾವು ಸಸ್ಯಾಹಾರಿಗಳು. ಅಂಗಡಿ, ಶೋರೂಮ್ ಯಾವುದಕ್ಕೂ ಕರೆದುಕೊಂಡು ಹೋಗುವುದು ಬೇಡ. ಜಾಗ ಕಡಿಮೆ ಇರಲಿ, ಹೊತ್ತು ಜಾಸ್ತಿ ಇರಲಿ. ಮತ್ತೆ, ಭಾರತದಿಂದ ಬಂದ ಕೂಲಿಗಳು ಹಡಗಿನಿಂದ ಇಳಿದ ಜಾಗ, ರಾಜಧಾನಿ ಪೋರ್ಟ್ ಲೂಯಿಯ ಆಪ್ರವಾಸಿ ಘಾಟ್ ಬಿಟ್ಟುಹೋಗಬಾರದು.

ಗೈಡ್ ಉತ್ತರ ಕೊಟ್ಟ ರೀತಿಯಲ್ಲೇ ನಂಬಿಕೆ ಬಂತು. ಎಲ್ಲಕ್ಕೂ ಸರಿ ಅನ್ನಲಿಲ್ಲ ಅವರು. ಘಾಟ್ ಸಂಜೆ 4ಕ್ಕೆ ಬಾಗಿಲು ಹಾಕುತ್ತದೆ, ಭಾನುವಾರ ತೆರೆದಿರುವುದಿಲ್ಲ, ಆದ್ದರಿಂದ ವಾರದ ದಿನವೇ ಆಗಬೇಕು, ಬೆಳಿಗ್ಗೆ ಬೇಗ ಹೊರಡಬೇಕು ಅಂದರು. ಬಸ್ಸುಗಳು ಹೋಗುವುದಕ್ಕೆ ಉಲ್ಟಾ ದಿಕ್ಕಿನಲ್ಲಿ ಹೋಗೋಣ, ಪಶ್ಚಿಮದ ಕರಾವಳಿಯಿಂದ ಬೆಟ್ಟ ಹತ್ತಿ ಕೊನೆಗೆ ರಾಜಧಾನಿಗೆ ಇಳಿಯೋಣ ಅಂದರು. ಕ್ಯೂರ್‌ಪಿಪ್‌ನ ಜ್ವಾಲಾಮುಖಿಯ ಬಾಯಿಯನ್ನು ಅವರೇ ತೆಗೆದುಹಾಕಿದರು. ಜುಲೈನಲ್ಲಿ ಅಲ್ಲಿ ಮೋಡ ಕವಿದುಕೊಂಡರೆ ಏನೂ ಕಾಣುವುದಿಲ್ಲವಂತೆ. ಸ್ವೆಟರ್ ತನ್ನಿ ಅಂತಲೂ ಬರೆದಿದ್ದರು. ಸಮುದ್ರದ ಪಕ್ಕ ಬಿಸಿಲಲ್ಲಿ ಕೂತು ಅದನ್ನು ಓದಿದಾಗ ಮಗಳಿಗೆ ನಂಬಿಕೆಯೇ ಬರಲಿಲ್ಲ.

ಪಶ್ಚಿಮ ಕರಾವಳಿಯ ಫ್ಲಿಕ್-ಆನ್-ಫ್ಲಾಕ್‌ನಿಂದ ಬೆಳಿಗ್ಗೆ ಹೊರಟೆವು. ದಾರಿಯ ಎರಡೂ ಬದಿ ಕಬ್ಬು. ಜೂನ್‌ನಿಂದ ನವೆಂಬರ್ ತನಕ ಕಟಾವಿನ ಕಾಲ. ಕೆಲವು ಗದ್ದೆ ಬೋಳಾಗಿದ್ದವು, ಉಳಿದವುಗಳಲ್ಲಿ ಕಬ್ಬು ಆಳೆತ್ತರ ಮೀರಿ ನಿಂತಿತ್ತು. ಬೋಳಾದ ಗದ್ದೆಗಳ ನಡುವೆ ಕಪ್ಪು ಕಲ್ಲಿನ ದೊಡ್ಡ ದೊಡ್ಡ ಗುಡ್ಡೆಗಳು ಕಂಡವು. ಒಂದೊಂದು ಮನೆಯಷ್ಟು ಎತ್ತರ.

“ಇದೇನು ಅಂಕಲ್, ಗುಡಿಯಾ?” ಅಂದಳು ಮಗಳು.

ಗೈಡ್ ಕಾರು ಬದಿಗೆ ಹಾಕಿ ನಿಲ್ಲಿಸಿದರು. ಪಟ್ಟಿಯಲ್ಲಿ ಇಲ್ಲದ ನಿಲುಗಡೆ ಅದು. ಈ ದ್ವೀಪ ಹುಟ್ಟಿದ್ದೇ ಜ್ವಾಲಾಮುಖಿಯಿಂದ. ನೆಲ ಅಗೆದಲ್ಲೆಲ್ಲ ಲಾವಾದ ಕಲ್ಲು. ಕಬ್ಬು ಹಾಕಬೇಕಾದರೆ ಮೊದಲು ಆ ಕಲ್ಲು ಎತ್ತಬೇಕಿತ್ತು. ಯಂತ್ರ ಇಲ್ಲದ ಕಾಲದಲ್ಲಿ ಅದನ್ನು ಕೈಯಲ್ಲಿ ಕಿತ್ತು, ಹೊತ್ತು, ಗದ್ದೆಯ ನಡುವೆ ಒಟ್ಟಿದವರು ಮೊದಲು ಆಫ್ರಿಕಾ, ಮಡಗಾಸ್ಕರ್‌ನಿಂದ ತಂದ ಗುಲಾಮರು, ಆಮೇಲೆ ಭಾರತದಿಂದ ಬಂದ ಕೂಲಿಗಳು. “ನಮ್ಮ ಹಿರಿಯರೂ ಇಂಥದ್ದೇ ಗದ್ದೆಯಲ್ಲಿ ಕಲ್ಲು ಹೊತ್ತವರು, ಮಾಜಿ” ಅಂತ ಅಮ್ಮನಿಗೆ ಹೇಳಿದರು. ಅವರ ಮನೆಯವರು ಬಿಹಾರದ ಮೂಲದವರು. ಅವರ ಭೋಜಪುರಿ, ಅಮ್ಮನ ಅಷ್ಟಿಷ್ಟು ಹಿಂದಿ ಚೆನ್ನಾಗಿಯೇ ಹೊಂದಿಕೊಂಡವು. ನನ್ನ ಜೊತೆ ಇಂಗ್ಲಿಷ್, ಫೋನಿನಲ್ಲಿ ಕ್ರಿಯೋಲ್, ಒಂದು ಪೊಲೀಸ್ ನಾಕೆಯಲ್ಲಿ ಫ್ರೆಂಚ್. ಆ ಊರಿನಲ್ಲಿ ಇದು ತೀರ ಸಾಮಾನ್ಯ.

ಆ ಗುಡ್ಡೆಗಳ ಮುಂದೆ ನಿಂತಾಗ ನನಗೆ ಮಾತು ಬರಲಿಲ್ಲ. ಒಬ್ಬರ ಇಡೀ ಆಯಸ್ಸಿನ ದುಡಿತ ಅಲ್ಲಿ ರಾಶಿ ಬಿದ್ದಿದೆ. ಯಾವ ಬೋರ್ಡೂ ಇಲ್ಲ, ಹೆಸರೂ ಇಲ್ಲ. ಈಗ ಯಂತ್ರದ ಕೆಲಸಕ್ಕೆ ಅಡ್ಡ ಅಂತ ಹಲವನ್ನು ತೆಗೆದುಬಿಟ್ಟಿದ್ದಾರಂತೆ. ಕೆಲವನ್ನಾದರೂ ಹಾಗೇ ಉಳಿಸಬೇಕು ಅಲ್ವಾ?

ಅಲ್ಲಿಂದ ಲೆ ಮೋರ್ನ್. ದ್ವೀಪದ ನೈಋತ್ಯ ತುದಿಯಲ್ಲಿ ಸಮುದ್ರಕ್ಕೆ ಚಾಚಿಕೊಂಡಿರುವ 556 ಮೀಟರ್ ಎತ್ತರದ ಒಂಟಿ ಬೆಟ್ಟ. ಮದುವೆ ಫೋಟೊಗಳಲ್ಲಿ, ರೆಸಾರ್ಟ್ ಜಾಹೀರಾತುಗಳಲ್ಲಿ ಇದನ್ನು ನೀವೂ ನೋಡಿರುತ್ತೀರಿ. ಆದರೆ 2008ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಚೆಲುವಿಗಾಗಿ ಅಲ್ಲ. ತೋಟಗಳಿಂದ ತಪ್ಪಿಸಿಕೊಂಡು ಓಡಿದ ಗುಲಾಮರು ಈ ಬೆಟ್ಟದ ಗುಹೆಗಳಲ್ಲಿ, ತುದಿಯಲ್ಲಿ ಅಡಗಿ ಬದುಕಿದ್ದರು. ಗುಲಾಮಗಿರಿ ರದ್ದಾಯಿತು ಅಂತ ಹೇಳಲು 1835ರಲ್ಲಿ ಸಿಪಾಯಿಗಳು ಬಂದಾಗ, ಹಿಡಿಯಲು ಬಂದರು ಅಂದುಕೊಂಡು ಹಲವರು ಬಂಡೆಯಿಂದ ಹಾರಿಬಿಟ್ಟರು ಅಂತ ಜನ ಇವತ್ತಿಗೂ ಹೇಳುತ್ತಾರೆ. ಆ ವರ್ಷದ ಫೆಬ್ರುವರಿ 1ರ ನೆನಪಿಗೆ ಅಲ್ಲಿ ಪ್ರತಿ ವರ್ಷ ಸರ್ಕಾರಿ ರಜೆ.

ಬೆಟ್ಟ ಹತ್ತುವುದು ನಮ್ಮ ಕೈಲಾಗುವಂಥದ್ದಲ್ಲ. ಬುಡದ ಸ್ಮಾರಕದ ಹತ್ತಿರ ಅಮ್ಮನಿಗೆ ನೆರಳಿನಲ್ಲಿ ಜಾಗ ಮಾಡಿಕೊಟ್ಟರು. ಮಗಳು ಸರ್ವೆ ಮರಗಳ ಕೆಳಗೆ ಓಡಾಡಿಕೊಂಡಿದ್ದಳು. ದೂರದಲ್ಲಿ ಹವಳದ ದಿಬ್ಬದ ಮೇಲೆ ಅಲೆ ಒಡೆಯುವ ಬಿಳಿ ಗೆರೆ, ಈಚೆಗೆ ತಿಳಿಹಸಿರು ನೀರು. ಯಾರೂ ಗಡಿಯಾರ ನೋಡಲಿಲ್ಲ.

ಶಾಮರೆಲ್‌ನ ಏಳು ಬಣ್ಣದ ಮಣ್ಣಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲಾವಾ ಕಲ್ಲು ಸವೆದು ಜೇಡಿಯಾಗಿ, ಅದರಲ್ಲಿನ ಕಬ್ಬಿಣ ಮತ್ತು ಅಲ್ಯೂಮಿನಿಯಂನ ಆಕ್ಸೈಡ್‌ಗಳಿಂದ ಕೆಂಪು, ಕಂದು, ನೇರಳೆ ಪಟ್ಟೆ ಬಂದಿವೆ. ಚೆನ್ನಾಗಿದೆ, ಆದರೆ ಫೋಟೊಗಳಲ್ಲಿ ಬಣ್ಣ ಏರಿಸಿರುತ್ತಾರೆ. ಬೇಲಿಯ ಆಚೆ ನಿಂತು ನೋಡಬೇಕು, ಮಣ್ಣಿನ ಮೇಲೆ ಕಾಲಿಡುವಂತಿಲ್ಲ. ಉಲ್ಟಾ ದಿಕ್ಕಿನಲ್ಲಿ ಹೋಗಿದ್ದರಿಂದ ಬಸ್ಸಿನ ಜನ ಇನ್ನೂ ಬಂದಿರಲಿಲ್ಲ. ಮಗಳಿಗೆ ಮಣ್ಣಿಗಿಂತ ಇಷ್ಟವಾದದ್ದು ಅಲ್ಲಿನ ದೊಡ್ಡ ಆಮೆಗಳು. ಅವು ಅಲ್ಡಾಬ್ರಾ ತಳಿಯವು, ಹೊರಗಿನಿಂದ ತಂದವು. ಮಾರಿಷಸ್‌ನದೇ ಆಮೆಗಳು ಡೋಡೋ ಹಕ್ಕಿಯ ಹಾಗೇ ಮನುಷ್ಯರು ಬಂದ ಮೇಲೆ ನಿರ್ನಾಮವಾದವು. ಜಲಪಾತವನ್ನು ಮೇಲಿನ ಕಟ್ಟೆಯಿಂದ ನೋಡಿದೆವು, ಕೆಳಗೆ ಇಳಿಯಲಿಲ್ಲ.

ಶಾಮರೆಲ್ ದಾಟಿದ ಮೇಲೆ ರಸ್ತೆ ಬ್ಲ್ಯಾಕ್ ರಿವರ್ ಗಾರ್ಜಸ್ ರಾಷ್ಟ್ರೀಯ ಉದ್ಯಾನದೊಳಗೆ ಹೋಗುತ್ತದೆ. 1994ರಲ್ಲಿ ಆದ ಉದ್ಯಾನ ಇದು. ಕಣಿವೆಯ ತುದಿಯಲ್ಲಿ ನಿಂತಾಗ ಮಂಜು ಬಂತು, ಸಣ್ಣ ಹನಿ ಬಿತ್ತು, ಸ್ವೆಟರ್ ಹೊರಗೆ ಬಂತು. ಆಗ್ನೇಯದಿಂದ ಬೀಸುವ ಗಾಳಿ ತಂದ ಮೋಡ ಈ ಎತ್ತರದಲ್ಲಿ ಮಳೆ ಸುರಿಸಿಬಿಡುತ್ತದೆ. ಅದಕ್ಕೇ ಪಶ್ಚಿಮದ ಕರಾವಳಿಯಲ್ಲಿ ಬಿಸಿಲು. ರಸ್ತೆ ಬದಿಯಲ್ಲಿ ಒಬ್ಬರು ಪುಟ್ಟ ಕೆಂಪು ಸೀಬೆಹಣ್ಣು ಮಾರುತ್ತಿದ್ದರು, ಉಪ್ಪು ಖಾರ ಹಚ್ಚಿ. ಹುಳಿಸಿಹಿ, ತುಂಬ ರುಚಿ. ಆದರೆ ಬ್ರೆಜಿಲ್ ಮೂಲದ ಈ ಗಿಡವೇ ಇಲ್ಲಿನ ಕಾಡನ್ನು ಆವರಿಸಿಕೊಂಡು ಸ್ಥಳೀಯ ಮರಗಳನ್ನು ಮೇಲೇಳಲು ಬಿಡುತ್ತಿಲ್ಲ. ಆ ಕಾಡನ್ನೇ ನಂಬಿರುವ ಮಾರಿಷಸ್ ಕೆಸ್ಟ್ರಲ್ ಎಂಬ ಪುಟ್ಟ ಬೇಟೆ ಹಕ್ಕಿ 1974ರಲ್ಲಿ ಕಾಡಿನಲ್ಲಿ ಬರೀ 4 ಉಳಿದಿತ್ತು. ಮೊಟ್ಟೆಗಳನ್ನು ತಂದು ಮರಿ ಮಾಡಿಸಿ, ಬೆಳೆಸಿ, ಮತ್ತೆ ಕಾಡಿಗೆ ಬಿಟ್ಟು ಅದನ್ನು ಉಳಿಸಿಕೊಂಡರು. ನಮಗೆ ಅದು ಕಾಣಲಿಲ್ಲ.

ಗಂಗಾ ತಲಾವ್‌ಗೆ ಬಂದಾಗ ಮಂಜು ಇನ್ನೂ ಇತ್ತು. ರಸ್ತೆಯ ಪಕ್ಕ 33 ಮೀಟರ್ ಎತ್ತರದ ಶಿವನ ಮೂರ್ತಿಯ ಸೊಂಟದಿಂದ ಮೇಲೆ ಏನೂ ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ತ್ರಿಶೂಲ ಕಂಡಿತು, ಆಮೇಲೆ ಮುಖ. ಅಮ್ಮ ಕಾರಿನಲ್ಲೇ ಕೈ ಮುಗಿದರು.

ಇದೂ ಹಳೆಯ ಜ್ವಾಲಾಮುಖಿಯ ಬಾಯಿಯಲ್ಲಿ ನೀರು ನಿಂತು ಆದ ಕೆರೆ. ಗ್ರಾಂ ಬಾಸಾಂ ಅಂತಲೂ ಹೆಸರು. ಟ್ರಿಯೊಲೆ ಊರಿನ ಅರ್ಚಕರೊಬ್ಬರು ಈ ಕೆರೆಯನ್ನು ಕನಸಿನಲ್ಲಿ ಕಂಡರಂತೆ. 1898ರಲ್ಲಿ ಒಂದು ಚಿಕ್ಕ ಗುಂಪು ಶಿವರಾತ್ರಿಗೆ ಇಲ್ಲಿಗೆ ನಡೆದು ಬಂತು. 1972ರಲ್ಲಿ ಗಂಗೆಯ ನೀರು ತಂದು ಕೆರೆಗೆ ಸೇರಿಸಿದರು. ಈಗ ಶಿವರಾತ್ರಿ ಬಂತೆಂದರೆ ದ್ವೀಪದ ಮೂಲೆಮೂಲೆಯಿಂದ ಲಕ್ಷಾಂತರ ಜನ ಬಿಳಿ ಬಟ್ಟೆ ಉಟ್ಟು, ಕಾವಡಿ ಹೊತ್ತು ನಡೆದು ಬರುತ್ತಾರೆ. ಆ ದಿನಗಳಲ್ಲಿ ದಾರಿಯುದ್ದಕ್ಕೂ ಎಲ್ಲ ಧರ್ಮದವರೂ ನೀರು, ಊಟ ಕೊಡುತ್ತಾರೆ ಅಂತ ನಮ್ಮ ಗೈಡ್ ಹೆಮ್ಮೆಯಿಂದ ಹೇಳಿದರು. ಅವರೂ ವರ್ಷಕ್ಕೊಮ್ಮೆ ನಡೆದು ಬರುವವರೇ.

ಕೆರೆಯ ದಡದ ತೀರ ಹತ್ತಿರ ಕಾರು ನಿಲ್ಲಿಸಲು ಜಾಗ ಇತ್ತು. ಕೆಲವೇ ಹೆಜ್ಜೆಗೆ ನೀರು. ಅಮ್ಮ ದಡದಲ್ಲಿ ಕೂತು ಕಾಲು ಚಾಚಿ, ಸಣ್ಣ ದನಿಯಲ್ಲಿ ಶಿವನ ಹಾಡು ಹೇಳಿಕೊಂಡರು. ಪಕ್ಕದಲ್ಲಿ ದೀಪ ಹಚ್ಚುತ್ತಿದ್ದ ಹೆಂಗಸು ಅದನ್ನು ಕೇಳಿಸಿಕೊಂಡು ತಮ್ಮ ತಟ್ಟೆಯ ಹೂವಿನಲ್ಲಿ ಅರ್ಧ ಅಮ್ಮನ ಕೈಗೆ ಹಾಕಿದರು. ಅವರ ಮಾತು ಅಮ್ಮನಿಗೆ ತಿಳಿಯಲಿಲ್ಲ. ಇಬ್ಬರೂ ಒಂದಷ್ಟು ಹೊತ್ತು ಕೈ ಹಿಡಿದುಕೊಂಡೇ ಕೂತಿದ್ದರು. ನಾವು ಹೊರಡುವ ಮೊದಲು ಒಂದು ಬಸ್ಸು ಬಂತು, ಜನ ಇಳಿದು ಮೂರ್ತಿಯ ಮುಂದೆ ಫೋಟೊ ತೆಗೆಸಿಕೊಂಡು ಕೆರೆಯ ಹತ್ತಿರವೂ ಬರದೆ ಹೋದರು. ನಾನು ದುಡ್ಡು ಕೊಟ್ಟದ್ದು ಕಾರಿಗಲ್ಲ, ಅಮ್ಮ ಅಲ್ಲಿ ಕೂತ ಆ ಒಂದು ಗಂಟೆಗೆ. ಅದು ನನಗೆ ಚೆನ್ನಾಗಿ ಗೊತ್ತಾಯಿತು.

ಊಟಕ್ಕೆ ಹೋಟೆಲ್ ಬೇಡ, ನೀವು ತಿನ್ನುವಲ್ಲಿಗೇ ಕರೆದುಕೊಂಡು ಹೋಗಿ ಅಂದಿದ್ದೆ. ರೋಸ್ ಹಿಲ್‌ನ ಬೀದಿ ಬದಿಯ ಗಾಡಿಯ ಮುಂದೆ ನಿಂತೆವು. ದಾಲ್ ಪುರಿ. ಬೆಲ್ಲ ಹಾಕದ ಬೇಳೆ ಒಬ್ಬಟ್ಟು ಅಂದುಕೊಳ್ಳಿ, ಅಷ್ಟು ಮೆತ್ತಗೆ, ಅಷ್ಟು ತೆಳ್ಳಗೆ. ಎರಡು ಪುರಿ ಜೋಡಿಸಿ, ಒಳಗೆ ಅವರೆಕಾಳಿನಂಥ ದಪ್ಪ ಕಾಳಿನ ಪಲ್ಯ, ಟೊಮೆಟೊ ಗೊಜ್ಜು, ಹಸಿಮೆಣಸಿನ ಚಟ್ನಿ ಹಾಕಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಕಚೇರಿಯವರು, ಶಾಲೆ ಮಕ್ಕಳು, ಟೋಪಿ ಹಾಕಿದ ಮುಸ್ಲಿಂ ಅಜ್ಜ, ಎಲ್ಲರೂ ಒಂದೇ ಸಾಲಿನಲ್ಲಿ. ಮಗಳು ಖಾರ ಬೇಡ ಅಂದಳು, ಅಮ್ಮ ಇನ್ನೊಂದು ಜೋಡಿ ಕೇಳಿದರು.

ಪೋರ್ಟ್ ಲೂಯಿಗೆ ಬಂದಾಗ ಘಾಟ್ ಮುಚ್ಚಲು ಇನ್ನೂ ಸಾಕಷ್ಟು ಹೊತ್ತಿತ್ತು. ಒಳಗೆ ಹೋಗಲು ಟಿಕೆಟ್ ಇಲ್ಲ. ಹೊರಗಿನಿಂದ ನೋಡಿದರೆ ಹೆದ್ದಾರಿಯ ಪಕ್ಕದ ಹಳೆಯ ಕಲ್ಲಿನ ಕಟ್ಟಡ, ಅಷ್ಟೇ. ಬಂದಿಳಿದ ಕೂಲಿಗಳನ್ನು ಇರಿಸಿಕೊಳ್ಳುತ್ತಿದ್ದ ಡಿಪೊ ಇದು, ಅದರ ಎಷ್ಟೋ ಭಾಗ ಈಗ ಉಳಿದಿಲ್ಲ. 1834ರಿಂದ 1920ರ ತನಕ ಭಾರತದಿಂದ ಹತ್ತಿರ ಹತ್ತಿರ 5 ಲಕ್ಷ ಜನ ಇಲ್ಲಿ ಇಳಿದರು. ಗುಲಾಮಗಿರಿ ನಿಲ್ಲುವ ಹೊತ್ತಿಗೆ ಕಬ್ಬಿನ ತೋಟಗಳಿಗೆ ಕೈಗಳು ಬೇಕಿದ್ದವು. ಬ್ರಿಟಿಷರು ಕರಾರು ಬರೆಸಿಕೊಂಡು ಕೂಲಿಗಳನ್ನು ತರುವ ಈ ಪ್ರಯೋಗ ಶುರು ಮಾಡಿದ್ದೇ ಇಲ್ಲಿ. ಇಲ್ಲಿ ಗೆದ್ದ ಮೇಲೆ ಬೇರೆ ವಸಾಹತುಗಳಿಗೂ ಹಬ್ಬಿಸಿದರು. 1834ರ ನವೆಂಬರ್ 2ರಂದು ‘ಅಟ್ಲಾಸ್’ ಹಡಗಿನಲ್ಲಿ ಬಂದ 36 ಜನರಿಂದ ಇದರ ಲೆಕ್ಕ ಶುರು. 2006ರಲ್ಲಿ ಇದೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ದಡದಿಂದ ಡಿಪೊಗೆ ಹತ್ತುವ ಕಲ್ಲಿನ ಮೆಟ್ಟಿಲುಗಳಿವೆ. ಹಡಗಿನಿಂದ ಇಳಿದವರೆಲ್ಲ ಹತ್ತಿದ ಮೆಟ್ಟಿಲು. ಅಮ್ಮ ಬಗ್ಗಿ ಕೆಳಗಿನ ಮೆಟ್ಟಿಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನಮ್ಮ ಗೈಡ್ ಆ ಕಡೆ ತಿರುಗಿ ನಿಂತರು.

ಆಮೇಲೆ ಫೋನ್ ತೆಗೆದು ಒಂದು ಚಿತ್ರ ತೋರಿಸಿದರು. ಕೂಲಿಗಳ ದಾಖಲೆಗಳನ್ನೆಲ್ಲ ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿ ಇಟ್ಟಿದ್ದಾರೆ. ಮನೆಯವರು ಅಲ್ಲಿ ಹುಡುಕಿಸಿ ತಮ್ಮ ಹಿರಿಯರ ಕಾಗದ ಪಡೆಯಬಹುದು. ಇವರೂ ಪಡೆದಿದ್ದರು. ಒಂದು ಸಂಖ್ಯೆ, ಹಡಗಿನ ಹೆಸರು, ಜಿಲ್ಲೆ, ವಯಸ್ಸು. ಮಗಳು ಆ ಸಂಖ್ಯೆಯನ್ನು ಗಟ್ಟಿಯಾಗಿ ಓದಿದಳು. “ಇವರೂ ಕಲ್ಲು ಹೊತ್ತಿದ್ದರಾ ಅಂಕಲ್?” ಅಂತ ಕೇಳಿದಳು. “ಹೌದು ಬೇಟಿ” ಅಂದರು.

ಉಳಿದ ಹೊತ್ತಿಗೆ ಬಂದರಿನ ಮಾಲ್‌ಗೆ ಹೋಗಬಹುದು, ಮಾರ್ಕೆಟ್‌ಗೆ ಹೋಗಬಹುದು, ನೀವೇ ಹೇಳಿ ಅಂದರು. ಅಮ್ಮ ಮಾರ್ಕೆಟ್ ಅಂದರು. ಘಾಟ್‌ನಿಂದ ಅದು ಹತ್ತಿರವೇ. ತರಕಾರಿ ಸಾಲಿನಲ್ಲಿ ಸೀಮೆಬದನೆ, ಹಾಗಲ, ನುಗ್ಗೆಸೊಪ್ಪು ನೋಡಿ ಅಮ್ಮ ಒಂದೊಂದಕ್ಕೂ ಬೆಲೆ ಕೇಳಿದರು, ಕೊಂಡದ್ದು ಏನೂ ಇಲ್ಲ. ಮಗಳಿಗೆ ಅಲೂದಾ ಕೊಡಿಸಿದೆವು, ಹಾಲಿಗೆ ಕಾಮಕಸ್ತೂರಿ ಬೀಜ, ಅಗರ್ ಹಾಕಿದ ತಣ್ಣನೆಯ ಪಾನೀಯ. ಪೋರ್ಟ್ ಲೂಯಿಯ ಸಂಜೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಹೋಟೆಲ್ ಮುಟ್ಟುವಾಗ ಮಾತಾಡಿದ ಹೊತ್ತು ಮೀರಿತ್ತು. ಹೆಚ್ಚಿನ ಗಂಟೆಯ ದರ ಮೊದಲೇ ಬರೆದುಕೊಂಡಿದ್ದೆವಲ್ಲ, ಅದನ್ನು ಸೇರಿಸಿ ಮಾರಿಷಸ್ ರೂಪಾಯಿಯಲ್ಲಿ ಕೊಟ್ಟೆವು. ಮುಂದಿನ ಶಿವರಾತ್ರಿಗೆ ಬನ್ನಿ, ನಮ್ಮ ಮನೆಯಲ್ಲೇ ಉಳಿಯಿರಿ ಅಂತ ಅವರು ಅಮ್ಮನಿಗೆ ಹೇಳಿದರು. ಅಮ್ಮ ಆಗಲೇ ಯಾವ ತಿಂಗಳು ಬರುತ್ತದೆ ಅಂತ ನನ್ನನ್ನು ಕೇಳುತ್ತಿದ್ದರು.