ಪುಟ್ಟ ಪಿನ್ನುಗಳ ಸರದಿ
ಮರದ ಹಾಯಿಹಡಗಿನ ಮಾಡೆಲ್‌ಗೆ ಡೆಕ್ ಮೇಲಿನ ಸಣ್ಣ ಸಾಮಾನು ಕೂರಿಸುತ್ತಿದ್ದೇನೆ. ಹಿತ್ತಾಳೆಯ ಐಬೋಲ್ಟ್ (ತಲೆಯಲ್ಲಿ ಬಳೆಯಿರುವ ಬೋಲ್ಟ್), ಮೂರು ತೂತಿನ ಡೆಡ್‌ಐ (ಹಗ್ಗ ಬಿಗಿಯುವ ಮರದ ಬಿಲ್ಲೆ) ಎಲ್ಲ ಮುಗಿದವು. ಇವತ್ತು ಬಿಲೇಯಿಂಗ್ ಪಿನ್, ಅಂದ್ರೆ ಹಾಯಿಯ ಹಗ್ಗ ಸುತ್ತಿ ಕಟ್ಟುವ ಗೂಟ. ನಿಜವಾದದ್ದು ಸುಮಾರು 40 ಸೆಂ.ಮೀ. ಇದ್ದರೆ, 1:64 ಅಳತೆಯಲ್ಲಿ ಬರೀ 6 ಮಿ.ಮೀ. ಚಿಮಟದಲ್ಲಿ ಹಿಡಿದು, ಸೂಜಿಮೊನೆಯಷ್ಟು ಅಂಟು ತಾಗಿಸಿ, ರೇಲಿನ (ಪಿನ್ ನಿಲ್ಲಿಸುವ ಮರದ ಪಟ್ಟಿ) ತೂತಿಗೆ ಇಳಿಸಬೇಕು. ಅಂಟು ಜಾಸ್ತಿಯಾದರೆ ಮರದ ಮೇಲೆ ಹೊಳೆಯುವ ಕಲೆ ಉಳಿದುಬಿಡುತ್ತದೆ.

ಈ ಪಿನ್ ಅಂದ್ರೆ ನನಗೆ ತುಂಬಾ ಇಷ್ಟ. ಹಗ್ಗವನ್ನು 8ರ ಆಕಾರದಲ್ಲಿ ಸುತ್ತಿದರೆ ಸಾಕು, ಗಟ್ಟಿಯಾಗಿ ನಿಲ್ಲುತ್ತದೆ. ಪಿನ್ ಕಿತ್ತರೆ ಹಗ್ಗ ತಕ್ಷಣ ಸಡಿಲ. ಯಾವ ಹಗ್ಗ ಯಾವ ಪಿನ್ನಿಗೆ ಅನ್ನುವುದು ನಾವಿಕರಿಗೆ ಕತ್ತಲಲ್ಲೂ ಗೊತ್ತಿರಬೇಕಿತ್ತು. ಬಿರುಗಾಳಿಯಲ್ಲಿ ಎಷ್ಟು ಜನ ಇಂಥ ಮರದ ತುಂಡನ್ನು ನಂಬಿದ್ದರು, ಅಲ್ವಾ? ಅದಕ್ಕೇ ಒಂದೊಂದನ್ನೂ ನೆಟ್ಟಗೆ ನಿಲ್ಲಿಸದೆ ಮುಂದಕ್ಕೆ ಹೋಗಲು ಮನಸ್ಸಾಗುವುದಿಲ್ಲ. ನಾಳೆ ಬಲಬದಿಯ ರೇಲು.